ಹಳೆಯ ಜಿಐ ಪೈಪ್ ಬಿಚ್ಚುವ ಮೊದಲು ಅದಕ್ಕೆ ತಂತಿ ಕಟ್ಟಿದೆಯೇ ನೋಡಿ

ಮಂಗಳೂರಿನ ಬಿಜೈಯಲ್ಲಿ ನಲವತ್ತು ವರ್ಷ ಹಳೆಯ ನಿಮ್ಮ ಮನೆ, ತುಕ್ಕು ತಿಂದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಬಚ್ಚಲುಮನೆಯ ನವೀಕರಣ. ಪ್ಲಂಬಿಂಗ್ ನಾನೇ ಮಾಡಿಕೊಂಡು ಕರೆಂಟಿನ ಕೆಲಸಕ್ಕೆ ಮಾತ್ರ ಜನ ಕರೆಯಲೇ, ಹಾಗೆ ಮಾಡಿದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದ್ದೀರಿ. ಓದಿದಾಗ ಎದೆ ಧಸಕ್ಕೆಂದಿತು. 2018ರ ಡಿಸೆಂಬರ್‌ನಲ್ಲಿ ನಾನೂ ಕೆಲಸವನ್ನು ಹೀಗೆಯೇ ಎರಡು ಪಾಲು ಮಾಡಿದ್ದೆ.

ನಮ್ಮ ಮನೆ ಉಡುಪಿ ಬಳಿಯ ಕಟಪಾಡಿಯಿಂದ ಮಟ್ಟು ಕಡೆಗೆ ಹೋಗುವ ದಾರಿಯಲ್ಲಿದೆ. ಅಪ್ಪ 1978ರಲ್ಲಿ ಮುರಕಲ್ಲಿನಲ್ಲಿ ಕಟ್ಟಿಸಿದ ಹಂಚಿನ ಮನೆ. ಆಮೇಲೆ ಹಿಂಬದಿಗೆ ಮಾತ್ರ ತಾರಸಿ ಬಂತು, ಅದರ ಮೇಲೆ ನೀರಿನ ಟ್ಯಾಂಕ್. ಬಾವಿಯ ಪಂಪಿನಿಂದ ಹೊರಟ ಜಿಐ ಪೈಪ್ ಹೊಯಿಗೆಯ (ಮರಳಿನ) ಅಡಿಯಲ್ಲಿ ಹದಿನೈದು ಮೀಟರ್ ಬಂದು, ಅಡುಗೆಮನೆಯ ಹೊರಗೋಡೆ ಹತ್ತಿ ಟ್ಯಾಂಕ್ ಸೇರುತ್ತಿತ್ತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲ ಚೊಂಬು ಕೆಂಪು ನೀರು. ಪೈಪ್ ಬದಲಿಸಲು ಕೇಳಿದ ಕೂಲಿ ಹನ್ನೊಂದು ಸಾವಿರ. ಸಾಮಾನು ತಂದು ನಾನೇ ಕೈ ಹಾಕಿದೆ.

ನೀರಿನ ಮಟ್ಟಿಗೆ ಕೆಲಸ ಚೆನ್ನಾಗಿಯೇ ಆಯಿತು. ತಣ್ಣೀರಿನ ಪ್ಲಾಸ್ಟಿಕ್ ಪೈಪಾದ ಯುಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ ಎಂದು ಬಿಸಿನೀರಿಗೆ ಶಾಖ ತಡೆಯುವ ಸಿಪಿವಿಸಿಯನ್ನೇ ತಂದೆ. ಕತ್ತರಿಸಿದ ತುದಿಯ ಸಿಪ್ಪೆ ಕೆರೆದು, ಅಂಟು ಸವರಿ, ಕಾಲು ಸುತ್ತು ತಿರುಗಿಸಿ ಕೂರಿಸಿ, ಸ್ವಲ್ಪ ಹೊತ್ತು ಅದುಮಿ ಹಿಡಿದೆ. ನಲ್ಲಿ ಕೂರುವ ಕಡೆಗೆಲ್ಲ ಹಿತ್ತಾಳೆಯ ತಿರುಪು ಸುತ್ತು ಇರುವ ಫಿಟ್ಟಿಂಗ್ ಹಾಕಿದೆ. ಒಂದು ದಿನ ಒಣಗಲು ಬಿಟ್ಟು, ಟೈಲ್ಸ್ ಕೂರಿಸುವ ಮೊದಲು ಕೈಪಂಪಿನಿಂದ ಒತ್ತಡ ತುಂಬಿ ರಾತ್ರಿಯಿಡೀ ಹಾಗೆಯೇ ಇಟ್ಟೆ. ಬೆಳಿಗ್ಗೆ ಮಾಪಕದ ಮುಳ್ಳು ಕದಲಿರಲಿಲ್ಲ. ಇವತ್ತಿನವರೆಗೂ ಆ ಗೋಡೆಯಲ್ಲಿ ಒಂದು ಹನಿ ಜಿನುಗಿಲ್ಲ.

ತಪ್ಪಾದದ್ದು ಹಳೆಯದನ್ನು ಬಿಚ್ಚುವಾಗ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಅಡುಗೆಮನೆಯ ಹೊರಗೋಡೆಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಪೈಪಿನ ಸುತ್ತ ಒಂದು ಕಬ್ಬಿಣದ ಪಟ್ಟಿ ಇತ್ತು. ಎರಡು ಬೆರಳಿನ ಅಗಲ. ಅದರ ಬೋಲ್ಟಿನ ಅಡಿಯಲ್ಲಿ ಬರಿಯ ತಾಮ್ರದ ತಂತಿಯೊಂದನ್ನು ಎರಡು ಸುತ್ತು ಸುತ್ತಿ ಬಿಗಿದಿದ್ದರು. ತಂತಿಗೆ ಹಸಿರು ಕಿಲುಬು ಹತ್ತಿತ್ತು, ಮೇಲೆ ಸುಣ್ಣ ಬಳಿದು ಬಳಿದು ಅದು ಗೋಡೆಯ ಗೆರೆಯಂತೆಯೇ ಕಾಣುತ್ತಿತ್ತು. ಪೈಪ್ ಅಲುಗಾಡದಂತೆ ಹಾಕಿದ ಕಟ್ಟು ಇರಬೇಕು ಎಂದುಕೊಂಡೆ. ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು, ಸ್ಪ್ಯಾನರ್ ಹಾಕಿ ಬಿಚ್ಚಿದೆ. ತಂತಿಯ ತುದಿಯನ್ನು ಗೋಡೆಯ ಕಡೆಗೆ ಮಡಚಿದೆ. ಪೈಪನ್ನು ನೆಲಮಟ್ಟದಲ್ಲಿ ಕತ್ತರಿಸಿ ಅಲ್ಲಿಂದ ಮೇಲಕ್ಕೆ ಹೊಸ ಪ್ಲಾಸ್ಟಿಕ್ ಪೈಪ್ ಜೋಡಿಸಿದೆ. ಪಟ್ಟಿ, ಪೈಪ್ ಎಲ್ಲವೂ ಗುಜರಿಗೆ ಹೋಯಿತು.

ಆ ತಂತಿಯೇ ಇಡೀ ಮನೆಯ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ ಆಗಿತ್ತು. ಹಳೆಯ ಮನೆಗಳಲ್ಲಿ ಅರ್ಥಿಂಗ್‌ಗೆ ಬೇರೆ ಗುಂಡಿ ತೋಡದೆ, ಹೇಗೂ ಮಣ್ಣಿನೊಳಗೆ ಹೋಗುವ ಕಬ್ಬಿಣದ ಪೈಪಿಗೇ ತಂತಿ ಕಟ್ಟಿ ಮುಗಿಸುತ್ತಿದ್ದರು. ಪೈಪ್ ಕಬ್ಬಿಣದ್ದಾಗಿರುವವರೆಗೆ ಅದು ಹೇಗೋ ನಡೆಯುತ್ತಿತ್ತು. ನಾನು ಪ್ಲಾಸ್ಟಿಕ್ ಹಾಕಿದ ದಿನ ಫ್ರಿಜ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರ್ ಎಲ್ಲದರ ಮೂರನೇ ಪಿನ್ನೂ ಗೋಡೆಯ ಹೊರಗೆ ಗಾಳಿಯಲ್ಲಿ ಕೊನೆಗೊಂಡಿತು. ಹಾಗೆಯೇ ಐದು ತಿಂಗಳು ಕಳೆಯಿತು. ಯಾವ ದೀಪವೂ ಆರಲಿಲ್ಲ, ಯಾವ ಯಂತ್ರವೂ ನಿಲ್ಲಲಿಲ್ಲ. ಅರ್ಥಿಂಗ್ ಇಲ್ಲದಿದ್ದರೂ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಅದಕ್ಕೇ ಅದು ಹೋದದ್ದು ಯಾರಿಗೂ ತಿಳಿಯುವುದಿಲ್ಲ.

ನೀವು ಹೇಳಿದಂತೆ ನಾನೂ ಕರೆಂಟಿನ ಕೆಲಸಕ್ಕೆ ಜನ ಕರೆದಿದ್ದೆ. ಬೋರ್ಡ್ ಸ್ಥಳಾಂತರಿಸಿ ಗೀಸರ್‌ಗೆ 16 ಆಂಪಿಯರ್ ಸಾಕೆಟ್ ಹಾಕಿಕೊಟ್ಟರು. "ಅರ್ಥಿಂಗ್ ಇದೆಯಲ್ಲ?" ಎಂದು ಕೇಳಿದರು. ಬೋರ್ಡಿನೊಳಗೆ ಅರ್ಥಿಂಗ್‌ನ ಹಸಿರು ತಂತಿ ಕಾಣುತ್ತಿತ್ತು, "ಇದೆ" ಎಂದೆ. ಅವರು ಅಳೆಯಲಿಲ್ಲ, ನಾನು ಪೈಪ್ ಬದಲಿಸಿದ್ದನ್ನು ಹೇಳಲಿಲ್ಲ. ಪೈಪಿಗೂ ಅವರ ಕೆಲಸಕ್ಕೂ ಸಂಬಂಧ ಉಂಟೆಂದು ನನಗೆ ಹೊಳೆಯಲೂ ಇಲ್ಲ.

ಮರುವರ್ಷ ಮಳೆ ತಡವಾಯಿತು. ಮೇ ಕೊನೆಗೆ ನಮ್ಮ ಬಾವಿಯ ತಳ ಕಾಣುತ್ತಿತ್ತು, ಇದ್ದ ನೀರೂ ಉಪ್ಪುಪ್ಪು. ಅಮ್ಮ ಒಂದು ದಿನ ಸ್ನಾನ ಮುಗಿಸಿ ಬಂದವರು "ನೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ" ಎಂದರು. ಎಪ್ಪತ್ತೊಂದು ವರ್ಷದ ಕೈ, ವಾತ ಇರಬೇಕು ಎಂದುಬಿಟ್ಟೆ. ಮೂರು ದಿನ ಹೇಳಿದರು. ನಾಲ್ಕನೇ ದಿನ ಚೊಂಬು ಬಿದ್ದ ಸದ್ದು, ಹಿಂದೆಯೇ ಅಮ್ಮ ಬಿದ್ದ ಸದ್ದು. ನಲ್ಲಿ ಹಿಡಿದ ಕೈಯನ್ನು ಥಟ್ಟನೆ ಎಳೆದುಕೊಂಡು ಜಾರಿದ್ದರು. ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆ ಮೂರು ದಿನ ನಾನು ಆಡಿದ ಮಾತನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಸಂಜೆ ನಲ್ಲಿಗೆ ಟೆಸ್ಟರ್ ಮುಟ್ಟಿಸಿದಾಗ ಅದರೊಳಗಿನ ಕೆಂಪು ದೀಪ ಹೊತ್ತಿಕೊಂಡಿತು. ಮರುದಿನ ಬಂದ ಹಿರಿಯ ಎಲೆಕ್ಟ್ರಿಷಿಯನ್ ನೂರು ವ್ಯಾಟಿನ ಬಲ್ಬಿನ ಒಂದು ತಂತಿಯನ್ನು ಸಾಕೆಟ್ಟಿನಲ್ಲಿ ಕರೆಂಟ್ ಬರುವ ಫೇಸ್‌ಗೂ ಇನ್ನೊಂದನ್ನು ಅದು ಮರಳುವ ನ್ಯೂಟ್ರಲ್‌ಗೂ ಹಿಡಿದರು: ಉರಿಯಿತು. ನ್ಯೂಟ್ರಲ್ ಬಿಟ್ಟು ಹಸಿರು ತಂತಿಗೆ ಹಿಡಿದರು: ಬಲ್ಬಿನಲ್ಲಿ ಕಿಡಿಯಷ್ಟೂ ಬೆಳಕಿಲ್ಲ. ಏನೂ ಮಾತನಾಡದೆ ಮನೆಯ ಸುತ್ತ ನಡೆದು, ಗೋಡೆಯಲ್ಲಿ ಮಡಚಿದ್ದ ಆ ತುದಿಯನ್ನು ಹುಡುಕಿ ತೋರಿಸಿದರು. (ನೀವು ಈ ಬಲ್ಬ್ ಪರೀಕ್ಷೆ ಮಾಡಲು ಹೋಗಬೇಡಿ. ಅರ್ಥಿಂಗ್ ಕೆಟ್ಟ ಮನೆಯಲ್ಲಿ ಅದೂ ಅಪಾಯವೇ.)

ನಡೆದದ್ದು ಇಷ್ಟು. ಗೀಸರ್‌ನ ಕಾಯಿಲ್ ಕೆಟ್ಟು ಕರೆಂಟ್ ಅದರೊಳಗಿನ ಟ್ಯಾಂಕಿಗೂ ನೀರಿಗೂ ಸೋರುತ್ತಿತ್ತು. ಅರ್ಥಿಂಗ್ ಇದ್ದಿದ್ದರೆ ಟ್ಯಾಂಕಿನಿಂದ ನೇರವಾಗಿ ನೆಲಕ್ಕೆ ಇಳಿಯುತ್ತಿತ್ತು. ದಾರಿ ಇಲ್ಲದ್ದರಿಂದ ನೀರಿನ ಮೂಲಕ ನಲ್ಲಿಗೆ ಬಂತು. ಪ್ಲಾಸ್ಟಿಕ್ ಪೈಪ್ ಕರೆಂಟನ್ನು ತಡೆಯುತ್ತದೆ, ಒಳಗಿನ ನೀರು ತಡೆಯುವುದಿಲ್ಲ. ನೀರಿಗೆ ಉಪ್ಪು ಸೇರಿದಷ್ಟೂ ಕರೆಂಟ್ ಸಲೀಸಾಗಿ ಹರಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಯಾವುದನ್ನು ಸ್ವಂತ ಮಾಡಿದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ನಾನು ಹಾಕಿಕೊಡುವುದಿಲ್ಲ. ಬಚ್ಚಲುಮನೆಯ ಮಟ್ಟಿಗೆ ನೀರಿನ ಕೆಲಸ, ಕರೆಂಟಿನ ಕೆಲಸ ಎಂಬ ನಿಮ್ಮ ಗೆರೆಯನ್ನೇ ಅಳಿಸಬೇಕು. ನಲ್ಲಿ ಬದಲಿಸಿ, ವಾಷರ್ ಹಾಕಿ, ಫ್ಲಶ್ ಟ್ಯಾಂಕ್ ಕೂರಿಸಿ. ತಾಳ್ಮೆಯಿದ್ದರೆ ಹೊಸ ಪೈಪನ್ನೂ ಎಳೆಯಿರಿ. ಹಳೆಯ ಲೋಹದ ಪೈಪಿಗೆ ಗರಗಸ ಹಾಕುವ ಮೊದಲು ಮಾತ್ರ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರನ್ನು ಮನೆಗೆ ಕರೆದು ಅರ್ಥಿಂಗ್ ಅಳೆಯಿಸಿ. ಪೈಪ್ ಬದಲಾದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ಇನ್ನೊಮ್ಮೆ ಅಳೆಯಿಸಿ. ಗೀಸರ್, ಲೈಟ್ ಪಾಯಿಂಟ್‌ಗಳಿಗೆ ನೀವು ಕೈ ಹಾಕುವುದೇ ಬೇಡ. 2000 ವ್ಯಾಟಿನ ಗೀಸರ್ ಹೆಚ್ಚುಕಡಿಮೆ 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬೋರ್ಡಿನಿಂದಲೇ ಬೇರೆ ಲೈನ್ ಬರಬೇಕು, ತಂತಿ 4 ಚದರ ಮಿಲಿಮೀಟರಿನದಾದರೆ ನೆಮ್ಮದಿ.

ಎಂಸಿಬಿ (ಮಿತಿಗಿಂತ ಹೆಚ್ಚು ಕರೆಂಟ್ ಹರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಇದೆಯಲ್ಲ, ಶಾಕ್ ಹೊಡೆದರೆ ಬೀಳುತ್ತದೆ ಎಂದು ಅನೇಕರು ನಂಬಿದ್ದಾರೆ. ಬೀಳುವುದಿಲ್ಲ. ನಮ್ಮ ಮನೆಯ ಲೆಕ್ಕವನ್ನೇ ಕೊಡುತ್ತೇನೆ. ಹಿತ್ತಲಿನ ಗುಳ್ಳ ಬದನೆಯ ಗಿಡಗಳ ಪಕ್ಕ ಹೊಸ ಗುಂಡಿ ತೋಡಿ, ಎರಡೂವರೆ ಮೀಟರ್ ಜಿಐ ಪೈಪ್ ನಿಲ್ಲಿಸಿ, ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬಿದರು. ಒಣ ಹೊಯಿಗೆಯಲ್ಲಿ ಅಳತೆ ಬಂದದ್ದು 38 ಓಮ್ (ಇದು ಕರೆಂಟಿಗೆ ನೆಲ ಒಡ್ಡುವ ತಡೆ, ಕಡಿಮೆಯಿದ್ದಷ್ಟೂ ಒಳ್ಳೆಯದು). 230 ವೋಲ್ಟನ್ನು 38ರಿಂದ ಭಾಗಿಸಿದರೆ ಸುಮಾರು 6 ಆಂಪಿಯರ್. ಅಂದರೆ ಫೇಸ್ ತಂತಿಯೇ ಗೀಸರ್‌ನ ಮೈಗೆ ತಾಗಿದರೂ ಹರಿಯುವುದು ಅಷ್ಟೇ, 16 ಆಂಪಿಯರ್‌ನ ಎಂಸಿಬಿ ಮಿಸುಕುವುದೂ ಇಲ್ಲ. 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳಿಸುವ ಆರ್‌ಸಿಸಿಬಿ ಹಾಗಲ್ಲ, ಕ್ಷಣದಲ್ಲಿ ಬೀಳುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಬಳಿ, ಸದಾ ತೇವ ಇರುವಲ್ಲಿ, ಎರಡನೇ ಗುಂಡಿ ತೋಡಿ ಎರಡನ್ನೂ ಜೋಡಿಸಿದ ಮೇಲೆ ಅಳತೆ 11ಕ್ಕೆ ಇಳಿಯಿತು. ನಿಮ್ಮದು ಮುರಕಲ್ಲಿನ ನೆಲವಾದರೆ ಬೇಸಿಗೆಯಲ್ಲಿ ಒಳ್ಳೆಯ ಅಳತೆ ಸಿಗುವುದು ಸುಲಭವಲ್ಲ, ಗುಂಡಿಗೆ ನೀರು ಹಾಕುತ್ತಲೇ ಇರಬೇಕು.

ಹಾಗೆಂದು ಆರ್‌ಸಿಸಿಬಿ ಒಂದನ್ನೇ ಹಾಕಿ ಅರ್ಥಿಂಗ್ ಬಿಡಬೇಡಿ. ಅರ್ಥಿಂಗ್ ಇಲ್ಲದಿದ್ದರೆ ಸೋರಿದ ಕರೆಂಟಿಗೆ ಇರುವ ದಾರಿ ಸ್ನಾನಕ್ಕೆ ನಿಂತವರ ಮೈಯೊಂದೇ. ಅವರಿಗೆ ಹೊಡೆದ ಮೇಲಷ್ಟೇ ಆರ್‌ಸಿಸಿಬಿಗೆ ತಿಳಿಯುತ್ತದೆ. ಎರಡೂ ಬೇಕು, ಎರಡೂ ಒಂದೇ ದಿನ ಬೇಕು. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಬಟನ್ ಒತ್ತಿ ನೋಡಿ.

ಅಮ್ಮ ಈಗ ಹಿತ್ತಲಿನ ಹಳೆಯ ಬಚ್ಚಲಿನಲ್ಲಿ ಹಂಡೆಗೆ ತೆಂಗಿನ ಸಿಪ್ಪೆ ಉರಿ ಹಾಕಿಯೇ ಸ್ನಾನ ಮಾಡುತ್ತಾರೆ. ಎಲ್ಲ ಸರಿಮಾಡಿಸಿದ್ದೇನೆ ಎಂದು ಎಷ್ಟು ಹೇಳಿದರೂ ಹೊಸ ನಲ್ಲಿಗೆ ಕೈ ಹಚ್ಚಲು ಒಪ್ಪುವುದಿಲ್ಲ. ನಾನು ಒತ್ತಾಯಿಸುವುದನ್ನು ಬಿಟ್ಟಿದ್ದೇನೆ.

ನೀವು ಸಾಮಾನು ತರುವ ಮೊದಲು, ಇವತ್ತೇ ಬೆಳಕಿರುವಾಗ, ಟ್ಯಾಂಕಿನಿಂದ ಪಂಪಿನವರೆಗೆ ಆ ಪೈಪಿನ ಜೊತೆ ನಡೆಯಿರಿ. ಸುಣ್ಣ ಬಳಿದ ಕಡೆಯೂ ಕಣ್ಣಿಟ್ಟು ನೋಡಿ, ಗಿಡಗಂಟಿ ಸರಿಸಿಯೂ ನೋಡಿ, ಪೈಪಿಗಾಗಲೀ ತಂತಿಗಾಗಲೀ ಕೈ ಮಾತ್ರ ತಾಗಿಸಬೇಡಿ. ಪಟ್ಟಿಯೋ ತಂತಿಯೋ ಕಂಡರೆ ಫೋಟೋ ತೆಗೆದು ಇಲ್ಲೇ ಹಾಕಿ, ರಾತ್ರಿ ನೋಡಿ ಉತ್ತರಿಸುತ್ತೇನೆ.