ಜೆಲ್ಲಿ ಮೀನು ಅಷ್ಟು ದೊಡ್ಡದಿದ್ದರೂ ಪ್ಲಾಂಕ್ಟನ್ ಗುಂಪಿಗೆ ಸೇರುವುದೇಕೆ?

ಇಲ್ಲಿ ಅಳತೆಗೋಲು ಗಾತ್ರವಲ್ಲ, ಈಜುವ ಶಕ್ತಿ. ಹರಿವಿಗೆ ಎದುರಾಗಿ ಈಜಲಾರದೆ ನೀರು ಒಯ್ದತ್ತ ಸಾಗುವುದೆಲ್ಲ ಪ್ಲಾಂಕ್ಟನ್: ಬರಿಗಣ್ಣಿಗೆ ಕಾಣದ ಡಯಾಟಮ್ ಪಾಚಿಯೂ, ಒಂದು ಮೀಟರಿಗೂ ಅಗಲ ಬೆಳೆಯಬಲ್ಲ ಜೆಲ್ಲಿ ಮೀನೂ. ಹರಿವನ್ನು ಸೀಳಿ ಹೋಗುವ ಬಂಗುಡೆ, ಬೊಂಡಾಸ, ತಿಮಿಂಗಿಲಗಳು ನೆಕ್ಟಾನ್. ತಳವನ್ನೇ ನೆಚ್ಚಿದ ಹವಳ ಮತ್ತು ಪಚ್ಚಿಲೆ ಎಂಬ ಚಿಪ್ಪುಜೀವಿ ಬೆಂಥೋಸ್.

ಇದು ವಂಶಾವಳಿಯಲ್ಲ, ಬದುಕುವ ರೀತಿ. ಹಾಗಾಗಿ ಒಂದೇ ಜೀವಿ ಗುಂಪು ಬದಲಿಸುತ್ತದೆ. ಬಹಳಷ್ಟು ಜನ ಎಡವುವುದು ಇಲ್ಲೇ. ಪಚ್ಚಿಲೆಯ ಮರಿ ಕೆಲವು ವಾರ ಪ್ಲಾಂಕ್ಟನ್ ಆಗಿ ತೇಲಿ, ಆಮೇಲೆ ಬಂಡೆ ಕಚ್ಚಿಕೊಳ್ಳುತ್ತದೆ. ಹೆಚ್ಚಿನ ಜೆಲ್ಲಿ ಮೀನುಗಳದ್ದು ಇದಕ್ಕೆ ತದ್ವಿರುದ್ಧ: ಮೊದಲು ತಳಕ್ಕಂಟಿದ, ಪಾಲಿಪ್ ಎಂಬ ಕೊಳವೆಯಂಥ ರೂಪ, ನಂತರ ಅದರಿಂದ ತಟ್ಟೆತಟ್ಟೆಯಾಗಿ ಕಳಚಿ ತೇಲುವ ಮರಿಗಳು.

ಗುಂಪುಗಳ ನಡುವಿನ ನಂಟು ನಮ್ಮ ಕರಾವಳಿಯಲ್ಲೇ ಚೆನ್ನಾಗಿ ಕಾಣುತ್ತದೆ. ಮುಂಗಾರಿನಲ್ಲಿ ಆಳದ ತಂಪು ನೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ, ಡಯಾಟಮ್ ಹುಲುಸಾಗುತ್ತದೆ, ಅದನ್ನು ಸೋಸಿ ತಿಂದು ಬೂತಾಯಿ ಕೊಬ್ಬುತ್ತದೆ. ಜೆಲ್ಲಿ ಮೀನು ಮೀನಿನ ಮೊಟ್ಟೆ, ಮರಿಗಳನ್ನು ತಿನ್ನುತ್ತದೆ. ಆ ಮರಿಗಳ ಆಹಾರವಾದ, ಸೀಗಡಿ ಬಳಗದ ಪುಟ್ಟ ಜೀವಿ ಕೋಪೆಪಾಡ್‌ಗಳನ್ನೂ ಬಿಡುವುದಿಲ್ಲ. ಅಂದರೆ ಅದು ಬೇಟೆಗಾರನೂ ಹೌದು, ಪೈಪೋಟಿಗಾರನೂ ಹೌದು. ಆದರೂ ಕೆಲವು ಜಾತಿಯ ಮೀನುಮರಿಗಳು ಅದರ ಕುಟುಕು ಎಳೆಗಳ ನಡುವೆಯೇ ಆಸರೆ ಪಡೆಯುತ್ತವೆ.