ವಾಹನ ಪ್ರಶ್ನೋತ್ತರ: ಡಿಸ್ಕ್ ಬದಲಿಸುವ ಮೊದಲು ಅಳೆಯಿರಿ

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಮುಂದಿನ ಡಿಸ್ಕ್‌ಗಳು ಬೆಂಡಾಗಿವೆ ಎಂದು ಮೆಕ್ಯಾನಿಕ್ ಅವನ್ನು ಲೇತ್‌ಗೆ ಕೊಟ್ಟು ಸಮ ಮಾಡಿಸಿ ಹಾಕಿದರು. ಕೆಲವು ತಿಂಗಳು ಸರಿಯಿತ್ತು. ಈಗ ನಡುಕ ಮರಳಿ ಬಂದಿದೆ. ಹೊಸ ಡಿಸ್ಕ್ ಹಾಕಿಸಲೇಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹೊಸ ಡಿಸ್ಕ್ ಬೇಕಾಗಬಹುದು. ಆದರೆ ಮೊದಲ ಸಲ ನಡುಕ ಏಕೆ ಬಂತೆಂದು ತಿಳಿಯದೆ ಹಾಕಿಸಿದರೆ ಹೊಸದಕ್ಕೂ ಅದೇ ಗತಿ ಬರುವ ಸಂಭವ ಹೆಚ್ಚು. ಎರಕದ ಕಬ್ಬಿಣದ ಡಿಸ್ಕ್ ದಿನನಿತ್ಯದ ಓಡಾಟದ ಬಿಸಿಗೆ ಸೊಟ್ಟಗಾಗುವುದು ವಿರಳ. ಸಾಮಾನ್ಯವಾಗಿ ಆಗಿರುವುದು ಬೇರೆಯೇ: ಡಿಸ್ಕಿನ ಒಂದು ಭಾಗ ಇನ್ನೊಂದು ಭಾಗಕ್ಕಿಂತ ಕೂದಲೆಳೆಯಷ್ಟು ತೆಳುವಾಗಿರುತ್ತದೆ. ಈ ವ್ಯತ್ಯಾಸ 0.02 ಮಿ.ಮೀ.ನಷ್ಟಿದ್ದರೂ, ಪ್ರತಿ ಸುತ್ತಿನಲ್ಲೂ ಡಿಸ್ಕನ್ನು ಎರಡೂ ಬದಿಯಿಂದ ಅದುಮುವ ಪ್ಯಾಡ್‌ಗಳ ಹಿಡಿತ ಏರಿಳಿದು, ಆ ಏರಿಳಿತ ನಿಮ್ಮ ಕೈಗೂ ಪೆಡಲ್ ಮೇಲಿನ ಪಾದಕ್ಕೂ ನಡುಕವಾಗಿ ತಿಳಿಯುತ್ತದೆ.

ಇದು ಹುಟ್ಟುವ ಬಗೆಯನ್ನು ತಿಳಿದರೆ ನಿಮ್ಮ ಕಾರಿನಲ್ಲಿ ಏನಾಗಿರಬಹುದು ಎಂಬುದೂ ಸ್ಪಷ್ಟವಾಗುತ್ತದೆ. ಡಿಸ್ಕ್ ಕೂರುವ ಹಬ್‌ನ ಮೇಲೆ ತುಕ್ಕು ಉಳಿದಿದ್ದರೆ, ಅಥವಾ ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್‌ನಿಂದ ಚಕ್ರದ ನಟ್‌ಗಳನ್ನು ಒಂದನ್ನು ಅತಿಯಾಗಿ, ಇನ್ನೊಂದನ್ನು ಸಡಿಲವಾಗಿ ಬಿಗಿದಿದ್ದರೆ, ಡಿಸ್ಕ್ ತುಸುವೇ ಓರೆಯಾಗಿ ತಿರುಗುತ್ತದೆ. ಬ್ರೇಕ್ ಒತ್ತದಿರುವಾಗಲೂ ಅದರ ಒಂದೇ ಜಾಗ ಪ್ಯಾಡಿಗೆ ಸವರುತ್ತಾ ಸಾಗಿ, ಸಾವಿರಾರು ಕಿಲೋಮೀಟರ್‌ಗಳಲ್ಲಿ ಆ ಜಾಗ ಸವೆಯುತ್ತದೆ. ಲೇತ್‌ನಲ್ಲಿ ಸಮ ಮಾಡಿಸಿದ ಡಿಸ್ಕನ್ನು ಅದೇ ತುಕ್ಕಿನ ಹಬ್‌ಗೆ ಮತ್ತೆ ಕೂರಿಸಿದರೆ ಸವೆತ ಹೊಸದಾಗಿ ಆರಂಭವಾಗುತ್ತದೆ. ಕೆಲವು ತಿಂಗಳ ನಂತರ ನಡುಕ ಮರಳಿತು ಎಂಬ ನಿಮ್ಮ ವಿವರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಕಾರಣವೂ ಉಂಟು: ಘಾಟಿ ಇಳಿದು ಬಿಸಿಯೇರಿದ ಬ್ರೇಕನ್ನು ಒತ್ತಿಹಿಡಿದೇ ನಿಂತರೆ ಪ್ಯಾಡಿನ ವಸ್ತು ಡಿಸ್ಕಿನ ಒಂದೇ ಜಾಗಕ್ಕೆ ಅಂಟಿಕೊಳ್ಳುತ್ತದೆ.

ಆದ್ದರಿಂದ ಮೆಕ್ಯಾನಿಕ್ ಬಳಿ ಎರಡು ಅಳತೆ ಕೇಳಿ. ಹಬ್ಬನ್ನು ತಂತಿ ಬ್ರಷ್‌ನಿಂದ ಉಜ್ಜಿ ಡಿಸ್ಕನ್ನು ಬಿಗಿದ ಮೇಲೆ, ಡಯಲ್ ಗೇಜ್ ಇಟ್ಟು ಅದರ ಓಲಾಟ ನೋಡಬೇಕು. ಅನೇಕ ಕಾರುಗಳಲ್ಲಿ ಇದರ ಮಿತಿ 0.05ರಿಂದ 0.1 ಮಿ.ಮೀ. ಒಳಗಿರುತ್ತದೆ. ಅನಂತರ ಮೈಕ್ರೋಮೀಟರ್‌ನಿಂದ ಸುತ್ತಲೂ ಏಳೆಂಟು ಕಡೆ ದಪ್ಪ ಅಳೆಯಬೇಕು. ಡಿಸ್ಕಿನ ಅಂಚಿನಲ್ಲಿ ಅಥವಾ ನಡುವಿನ ಟೊಪ್ಪಿಯಂಥ ಭಾಗದಲ್ಲಿ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಕೆತ್ತಿರುತ್ತಾರೆ. ಹೊಸದರಲ್ಲಿ 22 ಮಿ.ಮೀ. ಇದ್ದ ಡಿಸ್ಕಿಗೆ ಆ ಮಿತಿ 20 ಮಿ.ಮೀ. ಆಗಿರುವುದು ಸಾಮಾನ್ಯ, ಅಂದರೆ ಸವೆಯಲು ಇರುವ ಅವಕಾಶವೇ ಎರಡು ಮಿಲಿಮೀಟರ್, ಅದರಲ್ಲಿ ಒಂದು ಪಾಲನ್ನು ನಿಮ್ಮ ಲೇತ್ ಈಗಾಗಲೇ ತಿಂದಿದೆ. ಮಿತಿಗಿಂತ ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ, ಬಿರುಕು ಬಿಡಬಹುದು. ಅಂಥದ್ದನ್ನು ಎಷ್ಟೇ ನುಣುಪಾಗಿದ್ದರೂ ಗುಜರಿಗೆ ಹಾಕಬೇಕು. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಲು ಇರುವ ಪಿನ್‌ಗಳು ಬಿಗಿದುಕೊಂಡಿದ್ದರೆ ಅವನ್ನೂ ಇದೇ ಹೊತ್ತಿನಲ್ಲಿ ಬಿಚ್ಚಿ, ಒರೆಸಿ, ಅವುಗಳಿಗೆಂದೇ ಇರುವ ಗ್ರೀಸ್ ಹಚ್ಚಿಸಿ. ಬ್ರೇಕ್ ಒತ್ತದಿರುವಾಗಲೂ ನಡುಕವಿದ್ದರೆ ದೋಷ ಟೈರ್ ಅಥವಾ ಬ್ಯಾಲೆನ್ಸಿಂಗ್‌ನದ್ದು. ಸ್ಟೀರಿಂಗ್ ನೆಟ್ಟಗಿದ್ದು ಸೀಟು ಮಾತ್ರ ನಡುಗಿದರೆ ಹಿಂದಿನ ಚಕ್ರಗಳ ಬ್ರೇಕ್ ಡ್ರಮ್‌ಗಳನ್ನು ನೋಡಿಸಿ.

ಪ್ರಶ್ನೆ: ಒಂದೇ ಕಾರಿನ ಬ್ರೇಕ್ ಪ್ಯಾಡ್‌ಗೆ ಷೋರೂಂನಲ್ಲಿ ಒಂದು ಬೆಲೆ, ಜೆ.ಸಿ. ರಸ್ತೆಯಲ್ಲಿ ಇನ್ನೊಂದು, ಆನ್‌ಲೈನ್‌ನಲ್ಲಿ ಮತ್ತೊಂದು. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಂಗಡಿಗಿಂತ ಮೊದಲು ಪಾರ್ಟ್ ನಂಬರನ್ನು ನಂಬಿ. ಒಂದೇ ಮಾದರಿಯ ಕಾರಿನಲ್ಲೂ ಪೆಟ್ರೋಲ್ ಮತ್ತು ಡೀಸೆಲ್‌ಗೆ, ಹಳೆಯ ಮತ್ತು ಹೊಸ ವರ್ಷದ ತಯಾರಿಕೆಗೆ ಡಿಸ್ಕ್, ಪ್ಯಾಡ್ ಬೇರೆಯಾಗಿರಬಹುದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಅಧಿಕೃತ ಬಿಡಿಭಾಗ ಮಾರಾಟಗಾರರಿಂದ ಪಾರ್ಟ್ ನಂಬರ್ ತಿಳಿದುಕೊಂಡು, ಅದನ್ನು ಹಿಡಿದು ಎಲ್ಲಿ ಬೇಕಾದರೂ ಬೆಲೆ ವಿಚಾರಿಸಿ.

ಕಾರು ಕಂಪನಿಗಳು ಪ್ಯಾಡ್‌ಗಳನ್ನು ಸಾಮಾನ್ಯವಾಗಿ ಬಿಡಿಭಾಗ ತಯಾರಕರಿಂದ ಪಡೆಯುತ್ತವೆ. ರಾಣೆ, ಬ್ರೇಕ್ಸ್ ಇಂಡಿಯಾ, ಬಾಷ್ ಮೊದಲಾದ ಸಂಸ್ಥೆಗಳು ತಮ್ಮದೇ ಹೆಸರಿನಲ್ಲೂ ಪ್ಯಾಡ್ ಮಾರುತ್ತವೆ. ಇಂಥ ಸಂಸ್ಥೆಯ ಅಸಲಿ ಮಾಲು ಷೋರೂಂನ ಡಬ್ಬಿಗಿಂತ ಅಗ್ಗವಾಗಿದ್ದರೆ ಸಂಶಯಪಡಬೇಕಿಲ್ಲ. ಅದೇ ಹೆಸರಿನ ಡಬ್ಬಿ ಬೇರೆಲ್ಲ ಅಂಗಡಿಗಳ ಬೆಲೆಯ ಅರ್ಧಕ್ಕೆ ಸಿಕ್ಕರೆ ಸಂಶಯಪಡಲೇಬೇಕು. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಡಬ್ಬಿ ನೋಡಿದಷ್ಟಕ್ಕೆ ನಿಲ್ಲಬೇಡಿ, ಏಕೆಂದರೆ ಡಬ್ಬಿಯನ್ನು ನಕಲು ಮಾಡುವುದು ಸುಲಭ. ಪ್ಯಾಡನ್ನು ಕೈಗೆತ್ತಿಕೊಂಡು ನೋಡಿ: ಹಿಂಬದಿಯ ಉಕ್ಕಿನ ತಟ್ಟೆಯಲ್ಲಿ ಬ್ಯಾಚ್ ನಂಬರ್ ಅಚ್ಚಾಗಿದೆಯೇ, ಡಿಸ್ಕಿಗೆ ಉಜ್ಜುವ ಪದರವಾದ ಲೈನಿಂಗ್‌ನ ಅಂಚು ಉಗುರಿಗೆ ಉದುರುತ್ತದೆಯೇ, ತಟ್ಟೆಗೂ ಲೈನಿಂಗ್‌ಗೂ ನಡುವೆ ಸೀಳಿದೆಯೇ? ಬಿಲ್ ಕೊಡದ ಅಂಗಡಿಯಲ್ಲಿ ಬ್ರೇಕಿನ ಭಾಗ ಕೊಳ್ಳಲೇಬೇಡಿ.

ಡಿಸ್ಕಿನಲ್ಲಿ ತೂತುಗಳಿದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎಂದು ಮಾರುವವರಿದ್ದಾರೆ. ಊರಲ್ಲಿ ಓಡುವ ಕಾರಿಗೆ ಅದರ ಅಗತ್ಯವಿಲ್ಲ. ಕಳಪೆ ತಯಾರಿಕೆಯದಾದರೆ ಬಿರುಕು ಆ ತೂತುಗಳಿಂದಲೇ ಶುರುವಾಗುತ್ತದೆ. ಪ್ಯಾಡನ್ನಾಗಲಿ ಡಿಸ್ಕನ್ನಾಗಲಿ ಎಡಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು, ಹೊಸ ಡಿಸ್ಕಿಗೆ ಹಳೆಯ ಪ್ಯಾಡ್ ಜೋಡಿಸಬಾರದು. ಹೊಸ ಡಿಸ್ಕಿನ ಮೇಲೆ ತುಕ್ಕು ತಡೆಯುವ ಎಣ್ಣೆ ಬಳಿದಿದ್ದರೆ ಬ್ರೇಕ್ ಕ್ಲೀನರ್‌ನಿಂದ ತೊಳೆಸಿ. ಆಮೇಲಿನ ಇನ್ನೂರು ಮುನ್ನೂರು ಕಿಲೋಮೀಟರ್, ಅನಿವಾರ್ಯವಾದ ಹೊರತು, ಜೋರಾಗಿ ಬ್ರೇಕ್ ಒತ್ತದೆ ಎರಡೂ ಮೈಗಳು ಒಂದಕ್ಕೊಂದು ಹೊಂದಿಕೊಳ್ಳಲು ಬಿಡಿ.

ಪ್ರಶ್ನೆ: ದೇವಿಮನೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಪ್ಯಾಡ್‌ಗಳು ಹೊಸವೇ ಇವೆ. ಹೆದರಿಕೆಯಾಗಿದೆ.
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಹೆದರಿಕೆ ನ್ಯಾಯವಾದದ್ದೇ, ಇದನ್ನು ಸರಿಪಡಿಸದೆ ಮತ್ತೆ ಘಾಟಿ ಇಳಿಯಬೇಡಿ. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ ಎನ್ನಬಹುದಿತ್ತು. ಪೆಡಲ್ ಮೆತ್ತಗಾಗಿ, ತಣಿದ ಮೇಲೆ ಸರಿಯಾಯಿತೆಂದರೆ ಬ್ರೇಕ್ ಆಯಿಲ್ ಕುದಿದಿರುವ ಸಂಭವ ಹೆಚ್ಚು. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದಾಗ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿದಾಗ ಏಳುವ ಆವಿಯ ಗುಳ್ಳೆಗಳನ್ನು ಪೆಡಲ್ ಅದುಮುತ್ತದೆಯೇ ಹೊರತು ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಮುಂದೆ ಸರಿಯುವುದಿಲ್ಲ.

ಒಂದು ಟನ್ ತೂಕದ ಕಾರು 500 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ, ಎಂಬತ್ತರ ವೇಗದಿಂದ ಸೊನ್ನೆಗೆ ಇಪ್ಪತ್ತು ಸಲ ನಿಲ್ಲಿಸಿದಷ್ಟು ಶಾಖ ಹುಟ್ಟುತ್ತದೆ. ಆದ್ದರಿಂದ ಎರಡು ಅಥವಾ ಮೂರನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ; ನ್ಯೂಟ್ರಲ್ ಬೇಡವೇ ಬೇಡ. ಈಗ ಹಳೆಯ ಆಯಿಲ್ ಪೂರ್ತಿ ತೆಗೆಸಿ, ಕಾರಿನ ಬ್ರೇಕ್ ಆಯಿಲ್ ತೊಟ್ಟಿಯ ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ, ಸೀಲ್ ಒಡೆಯದ ಡಬ್ಬಿಯಿಂದ ತುಂಬಿಸಿ, ಗಾಳಿ ಹೊರಹಾಕಿಸಿ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ದೂಡುವ ಮಾಸ್ಟರ್ ಸಿಲಿಂಡರ್ ಸೋರುತ್ತಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯದು.

ಪ್ರಶ್ನೆ: ಮಳೆಗಾಲದಲ್ಲಿ ಕಾರು ಒಂದು ತಿಂಗಳು ನಿಂತಿತ್ತು. ಡಿಸ್ಕ್ ಕೆಂಪಗೆ ತುಕ್ಕು ಹಿಡಿದಿದೆ. ಬದಲಿಸಬೇಕೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಹೆಚ್ಚಾಗಿ ಬೇಕಾಗುವುದಿಲ್ಲ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಕೆಲವು ಸಲ ಬ್ರೇಕ್ ಒತ್ತಿದರೆ ಮೇಲ್ಪದರದ ತುಕ್ಕು ಉಜ್ಜಿಹೋಗುತ್ತದೆ. ಆಮೇಲೂ ಬೆರಳಿಗೆ ಕುಳಿಗಳು ತಾಗಿದರೆ, ಅಥವಾ ಪ್ಯಾಡ್ ಕೂತಿದ್ದ ಜಾಗದ ಗುರುತು ಉಳಿದು ಬ್ರೇಕ್ ಬಡಿದಂತಾದರೆ ದಪ್ಪ ಅಳೆಸಿ ತೀರ್ಮಾನಿಸಿ. ಮುಂದಿನ ಸಲ ಹೀಗೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಹಾಕದೆ, ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ತೇವಕ್ಕೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ.