ಹಸುವಿನ ಹಿಂದೆ ಕೆನಡಾಗೆ ಹೊರಟ ಗಂಡ

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಗಂಡನಿಗೆ 47, ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಒಬ್ಬನೇ ಮಗ, ಅವನಿಗೆ 19. ಎಂಟು ತಿಂಗಳಿಂದ ಇವರಿಗೆ ಒಂದೇ ಧ್ಯಾನ. ಮನೆ ಮಾರಿ, ಕೆನಡಾಗೆ ಹೋಗಿ ಡೇರಿ ಫಾರ್ಮ್ ಮಾಡಬೇಕಂತೆ. ಫಾರ್ಮ್ ಕೊಂಡರೆ ಎರಡು ವರ್ಷದಲ್ಲಿ ಪಿಆರ್ (ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಗ್ಯಾರಂಟಿ ಅಂತ ಏಜೆಂಟ್ ಹೇಳಿದ್ದಾರೆ. ಅವರು ಕೊಟ್ಟ ಕರಪತ್ರವನ್ನೂ ಕಳಿಸಿದ್ದೇನೆ. ಇವರು ಮಗನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೊಟ್ಟಿಗೆಯ ನಕ್ಷೆ ಬರೆದಿದ್ದಾರೆ. ಮೂಲೆಯ ಕೋಣೆಗೆ ‘ಇವಳ ಆಫೀಸ್’ ಅಂತ ಹೆಸರು. ನನಗೆ ತುಂಬಾ ಭಯ. ಆದರೆ ಮನುಷ್ಯ ತನಗಾಗಿ ಯಾವತ್ತೂ ಏನೂ ಕೇಳಿದವರಲ್ಲ. ಕನಸು ಮುರಿದವಳು ನಾನಾಗಬಾರದು ಅಂತ ಎಲ್ಲಕ್ಕೂ ‘ಹ್ಞೂಂ’ ಅಂತಿದ್ದೇನೆ. ಮನೆ ಇಬ್ಬರ ಹೆಸರಿನಲ್ಲಿದೆ. ಮುಂದಿನ ತಿಂಗಳು ಸಹಿ ಹಾಕಬೇಕು. ಏನು ಮಾಡಲಿ?

ಉತ್ತರ: ಮೊದಲು ಸಹಿ ನಿಲ್ಲಿಸಿ. ಕನಸನ್ನಲ್ಲ, ಸಹಿಯನ್ನು ಮಾತ್ರ.

ಕರಪತ್ರವನ್ನು ಎರಡು ಸಲ ಓದಿದೆ. ಕೆಂಪು ಕೊಟ್ಟಿಗೆ, ಹಸಿರು ಹುಲ್ಲು, ನಗುವ ಸಂಸಾರ, ಎಲ್ಲಾ ಇದೆ. ಇರಬೇಕಾದದ್ದು ಮಾತ್ರ ಇಲ್ಲ. ‘ಸ್ವಯಂ ಉದ್ಯೋಗಿ, ಕೃಷಿ ವಿಭಾಗ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರಲ್ಲ, ಕೆನಡಾ ಸರ್ಕಾರ ಆ ವಲಸೆ ಯೋಜನೆಯಿಂದ ಕೃಷಿಯನ್ನು 2018ರಲ್ಲೇ ತೆಗೆದುಹಾಕಿತು. 2024ರಲ್ಲಿ ಇಡೀ ಯೋಜನೆಗೇ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಇನ್ನು ‘ಸಸ್ಕಾಚುವಾನ್‌ನಲ್ಲಿ 50 ಎಕರೆ’ ಅನ್ನುವ ಸಾಲು. ಆ ಪ್ರಾಂತ್ಯ ಕೃಷಿಕರಿಗೆ ಅಂತ ಇಟ್ಟಿದ್ದ ವಲಸೆ ದಾರಿಯನ್ನು 2025ರಲ್ಲಿ ಮುಚ್ಚಿತು. ಜೊತೆಗೆ, ಪೌರತ್ವವೂ ಪಿಆರ್ ಕೂಡ ಇಲ್ಲದ ವಿದೇಶೀಯರು ಅಲ್ಲಿ 10 ಎಕರೆಗಿಂತ ಜಾಸ್ತಿ ಕೃಷಿ ಭೂಮಿ ಇಟ್ಟುಕೊಳ್ಳುವಂತಿಲ್ಲ. ಪಿಆರ್ ಸಿಗಲಿ ಅಂತ ಜಮೀನು ಕೊಳ್ಳಿ ಅನ್ನುತ್ತಾರೆ ಏಜೆಂಟರು, ಪಿಆರ್ ಇಲ್ಲದೆ ಅಷ್ಟು ಜಮೀನೇ ಸಿಗುವುದಿಲ್ಲ!

ಈಗ ಹಸುವಿನ ವಿಷಯ. ನನಗೆ ದನಗಳ ಬಗ್ಗೆ ಗೊತ್ತಿರುವುದು ಕಡಿಮೆ, ಗಂಡಂದಿರ ಬಗ್ಗೆ ಸ್ವಲ್ಪ ಜಾಸ್ತಿ. ಆದರೂ ಇದನ್ನು ಹೇಳಲೇಬೇಕು. ಕೆನಡಾದಲ್ಲಿ ಹಸು ಕೊಂಡ ಮಾತ್ರಕ್ಕೆ ಹಾಲು ಮಾರಲು ಆಗುವುದಿಲ್ಲ. ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಹಾಲು ಬರಲಿ ಅಂತ ಅಲ್ಲಿ ಕೋಟಾ ಪದ್ಧತಿ ಇದೆ. ಹಸುವಿನ ಜೊತೆಗೆ ಹಾಲು ಮಾರುವ ಹಕ್ಕನ್ನೂ ಕೊಳ್ಳಬೇಕು. ದಿನಕ್ಕೆ ಒಂದು ಕೆಜಿ ಬೆಣ್ಣೆಕೊಬ್ಬು, ಅಂದರೆ ಹಾಲಿನಲ್ಲಿರುವ ಜಿಡ್ಡು, ಅನ್ನುವುದು ಅದರ ಅಳತೆ. ಹೆಚ್ಚುಕಮ್ಮಿ ಒಂದು ಹಸುವಿನ ಹಾಲು ಅಂದುಕೊಳ್ಳಿ. ಒಂಟಾರಿಯೊ ಪ್ರಾಂತ್ಯದಲ್ಲಿ ಆ ಒಂದು ಕೆಜಿಯ ಬೆಲೆ 24,000 ಕೆನಡಾ ಡಾಲರ್ ದಾಟಬಾರದು ಅಂತ ಮಿತಿ ಹಾಕಿದ್ದಾರೆ. ಮಿತಿ ಹಾಕಿಯೂ ಅಷ್ಟು! ನಿಮ್ಮವರು ಲೆಕ್ಕದವರು, ಅವರೇ ಗುಣಿಸಲಿ. ಐವತ್ತು ಹಸುವಿಗೆ ಬರೀ ಹಕ್ಕಿಗೇ 12 ಲಕ್ಷ ಡಾಲರ್. ಹಸು, ಕೊಟ್ಟಿಗೆ, ಟ್ರ್ಯಾಕ್ಟರ್, ಚಳಿಗಾಲದ ಮೇವು ಇನ್ನೂ ಬಂದೇ ಇಲ್ಲ. ಕುರಿಗೆ, ತರಕಾರಿಗೆ, ಜೇನಿಗೆ ಈ ಕೋಟಾ ಇಲ್ಲ. ಅದನ್ನೂ ಅವರಿಗೆ ಹೇಳಿ. ‘ಹಾಗಾದರೆ ಕುರಿ ಸಾಕೋಣ’ ಅಂತ ಮುಖ ಅರಳಿದರೆ ಅವರಿಗೆ ನಿಜವಾಗಿ ಬೇಕಾಗಿರುವುದು ಕೃಷಿ. ಮುಖ ಬಾಡಿದರೆ ಬೇಕಾಗಿರುವುದು ಬೇರೆ ಏನೋ.

ಆ ‘ಬೇರೆ ಏನೋ’ ನನ್ನನ್ನು ಕಾಡುತ್ತಿದೆ. ಇಷ್ಟು ವರ್ಷ ಇನ್ನೊಬ್ಬರ ಲೆಕ್ಕ ಬರೆದ ಮನುಷ್ಯ 47ಕ್ಕೆ ಇದ್ದಕ್ಕಿದ್ದಂತೆ ಕೊಟ್ಟಿಗೆಯ ನಕ್ಷೆ ಬರೆಯುತ್ತಾರೆ ಅಂದರೆ, ಕೆಲಸ ಬೇಸರ ಬಂದಿದೆಯಾ? ಮಗನ ಭವಿಷ್ಯದ ಚಿಂತೆಯಾ? ಆಫೀಸಿನಲ್ಲಿ ಏನಾದರೂ ಆಗಿದೆಯಾ? ನಿಮ್ಮ ಪತ್ರದಲ್ಲಿ ಹಸು ಇದೆ, ಏಜೆಂಟ್ ಇದ್ದಾರೆ, ನಿಮ್ಮ ಭಯ ಇದೆ. ಇವರಿಗೆ ಇದು ಯಾಕೆ ಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಬಹುಶಃ ನೀವು ಕೇಳಿಯೇ ಇಲ್ಲ, ‘ಹ್ಞೂಂ’ ಅಂದುಬಿಟ್ಟಿರಿ. ಸಿಟ್ಟಾಗಬೇಡಿ. ಪ್ರೀತಿಯಿಂದಲೇ ಅಂದಿದ್ದೀರಿ, ಗೊತ್ತು. ಆದರೆ ಅವರು ಅದನ್ನು ಒಪ್ಪಿಗೆ ಅಂದುಕೊಂಡು ಅದರ ಮೇಲೆ ಕೊಟ್ಟಿಗೆ ಕಟ್ಟುತ್ತಿದ್ದಾರಲ್ವಾ? ಅಲ್ಲಿ ಹೋದ ಮೇಲೆ, ಮೈನಸ್ 30 ಡಿಗ್ರಿಯ ಬೆಳಗಿನ ಜಾವ ಹಾಲು ಕರೆಯುವ ಮಷೀನ್ ಕೆಟ್ಟು ನಿಂತಾಗ, ‘ನನಗೆ ಮೊದಲೇ ಇಷ್ಟ ಇರಲಿಲ್ಲ’ ಅಂತ ಬಾಯಿಂದ ಬಂದೇ ಬರುತ್ತದೆ. ಅದಕ್ಕಿಂತ ಈಗ ಹೇಳುವುದು ವಾಸಿ.

ಮಗನ ವಯಸ್ಸನ್ನೂ ಮರೆಯಬೇಡಿ. ಕೆನಡಾ ಪಿಆರ್ ಅರ್ಜಿಯಲ್ಲಿ ಮಕ್ಕಳನ್ನು ಸೇರಿಸಬೇಕಾದರೆ ಸಾಮಾನ್ಯವಾಗಿ 22 ತುಂಬಿರಬಾರದು, ಮದುವೆ ಆಗಿರಬಾರದು. ಬಿಸಿನೆಸ್ ದಾರಿಯಲ್ಲಿ ಹೋದರೆ ಬಹುತೇಕ ಕಡೆ ಮೊದಲು ಸಿಗುವುದು ಕೆಲಸದ ಪರವಾನಗಿ. ಪ್ರಾಂತ್ಯದ ಜೊತೆ ಮಾಡಿಕೊಂಡ ಒಪ್ಪಂದದಂತೆ ವ್ಯವಹಾರ ನಡೆಸಿ ತೋರಿಸಿದ ಮೇಲೆಯೇ ಪಿಆರ್ ಮಾತು. ನಡುವೆ ವ್ಯವಹಾರ ಮುಳುಗಿದರೆ ಅಲ್ಲಿ ಉಳಿಯುವ ದಾರಿಯೂ ಅದರ ಜೊತೆಗೇ ಹೋಗಬಹುದು. ಹತ್ತೊಂಬತ್ತರ ಹುಡುಗನಿಗೆ ಮೂರು ವರ್ಷ ಬೇಗ ಕಳೆದುಹೋಗುತ್ತದೆ. ಅವನನ್ನು ಯಾರಾದರೂ ಕೇಳಿದ್ದೀರಾ?

ಏಜೆಂಟರಿಗೆ ಕೇಳಬೇಕಾದದ್ದು ಒಂದೇ: ಲೈಸೆನ್ಸ್ ನಂಬರ್. ಕೆನಡಾದಲ್ಲಿ ವಲಸೆ ಸಲಹೆಗಾರರು ಅಲ್ಲಿನ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಗ್ಯಾರಂಟಿ ಅನ್ನುವ ಮಾತು ಪ್ರಾಮಾಣಿಕ ಸಲಹೆಗಾರರ ಬಾಯಲ್ಲಿ ಬರುವುದಿಲ್ಲ, ಯಾಕಂದರೆ ಪಿಆರ್ ಕೊಡುವುದು ಅವರಲ್ಲ. ನಂಬರ್ ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಮನೆ ಮಾರುವ ಮೊದಲು ಇಬ್ಬರೂ ಒಮ್ಮೆ ಹೋಗಿ ಬನ್ನಿ. ಜೂನ್‌ನಲ್ಲಿ ಬೇಡ, ಆಗ ಎಲ್ಲರಿಗೂ ಕೆನಡಾ ಇಷ್ಟವಾಗುತ್ತದೆ. ಜನವರಿಯಲ್ಲಿ ಹೋಗಿ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ನೋಡಬಹುದು, ಮಾತಾಡಬಹುದು. ಫಾರ್ಮ್ ನಡೆಸುವವರ ಅಡುಗೆಮನೆಯಲ್ಲಿ ಕೂತು ಅವರ ಲೆಕ್ಕದ ಪುಸ್ತಕ ನೋಡಲು ಸಿಕ್ಕರೆ ನಿಮ್ಮವರಷ್ಟು ಚೆನ್ನಾಗಿ ಓದುವವರು ಇನ್ಯಾರಿದ್ದಾರೆ? ಆ ಟಿಕೆಟ್ಟಿನ ದುಡ್ಡು ದಂಡ ಅಂದುಕೊಳ್ಳಬೇಡಿ.

ಇಷ್ಟೆಲ್ಲಾ ಆದ ಮೇಲೂ ನಿಮಗೆ ಬೇಡ ಅನ್ನಿಸಿದರೆ ಬೇಡ ಅನ್ನಿ. ಮನೆಯಲ್ಲಿ ಅರ್ಧ ನಿಮ್ಮದು. ಇವತ್ತು ರಾತ್ರಿ ಮಾತು ಶುರು ಮಾಡಲು ಧೈರ್ಯ ಸಾಲದಿದ್ದರೆ ಆ ನೋಟ್‌ಬುಕ್ ತೆಗೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಮೂಲೆಯ ಕೋಣೆಯ ಮೇಲೆ ಬೆರಳಿಟ್ಟು, ‘ಇಲ್ಲಿ ನಾನು ದಿನಾ ಏನು ಮಾಡ್ತಿರ್ತೀನಿ?’ ಅಂತ ಕೇಳಿ.